ನೇಪಿಯರ್ ಹುಲ್ಲಿಗೆ ಒಟ್ಟಿಗೇ ತೆನೆ ಬರುವುದು ಯಾಕೆ? ಚಳಿಯಾ, ಹಗಲಿನ ಲೆಕ್ಕವಾ?

ಪೆರ್ಲದ ಹಟ್ಟಿ
ಕಾಸರಗೋಡಿನ ಪೆರ್ಲದಿಂದ ಎಲ್ಲರಿಗೂ ನಮಸ್ಕಾರ. ಹಟ್ಟಿಯಲ್ಲಿ ನಾಲ್ಕು ದನ ಇವೆ. ತೆಂಗಿನ ಮರಗಳ ನಡುವೆ ಸಿಒ-3 ನೇಪಿಯರ್ (ನೇಪಿಯರ್, ಸಜ್ಜೆ ಬೆರೆಸಿ ಮಾಡಿದ ಮೇವಿನ ಹುಲ್ಲು) ಹಾಕಿದ್ದೇನೆ. ಮಳೆಗಾಲ ಪೂರ್ತಿ ಸೊಗಸಾಗಿ ಬರುತ್ತದೆ. ದೀಪಾವಳಿ ಕಳೆಯುವಷ್ಟರಲ್ಲಿ ಕಂಡಲ್ಲೆಲ್ಲ ತೆನೆ. ದಂಟು ಗಟ್ಟಿಯಾಗುತ್ತದೆ, ದನ ಎಲೆ ತಿಂದು ಉಳಿದದ್ದನ್ನು ಮೂತಿಯಲ್ಲಿ ದೂಡಿಬಿಡುತ್ತದೆ.

ನನ್ನ ಪ್ರಶ್ನೆ ಇದು. ಎಲ್ಲ ಸಾಲನ್ನೂ ನಾನು ಒಂದೇ ದಿನ ಕೊಯ್ಯುವುದಿಲ್ಲ. ಒಂದು ಸಾಲು ಆಗಸ್ಟ್ ಕೊನೆಗೆ ಕೊಯ್ದದ್ದು, ಇನ್ನೊಂದು ಸೆಪ್ಟೆಂಬರ್ ನಡುವೆ. ತೆನೆ ಮಾತ್ರ ಎಲ್ಲದಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ವಯಸ್ಸು ಬೇರೆ ಬೇರೆ, ಹೂ ಬಿಡುವ ಹೊತ್ತು ಒಂದೇ. ಇದು ಹೇಗೆ? ಪಕ್ಕದ ಮನೆಯ ಮಾವ ಗೊಬ್ಬರ ಕಮ್ಮಿ ಅಂತಾರೆ. ಹಾಲು ಕೊಡಲು ಹೋದಲ್ಲಿ ಒಬ್ಬರು ಚಳಿ ಬಿತ್ತಲ್ಲ ಅದಕ್ಕೆ ಅಂದರು. ಪೆರ್ಲದಲ್ಲಿ ಎಂಥ ಚಳಿ ಮಾರಾಯ್ರೇ?

ಬದಿಯಡ್ಕ ತೋಟ
ಮಾವ ಹೇಳಿದ್ದೇ ಸರಿ. ಸೆಗಣಿ ನೀರು ಬಿಡಿ, ತೆನೆ ನಿಲ್ಲುತ್ತದೆ.

ಮುಳ್ಳೇರಿಯ ಗೋಬರ್‌ಗ್ಯಾಸ್
ನಿಲ್ಲುವುದಿಲ್ಲ. ನಮ್ಮಲ್ಲಿ ಗ್ಯಾಸಿನ ಗುಂಡಿಯ ಸ್ಲರಿ ಸೀದಾ ಹುಲ್ಲಿನ ಬುಡಕ್ಕೇ ಹೋಗುತ್ತದೆ. ಆದರೂ ನವೆಂಬರ್ ಬಂತೆಂದರೆ ತೆನೆ ತಪ್ಪಿದ್ದಲ್ಲ.

ನಿವೃತ್ತ ಸೈನ್ಸ್ ಮಾಷ್ಟ್ರು
ಪ್ರಶ್ನೆಯಲ್ಲೇ ಉತ್ತರ ಇದೆ. ಬೇರೆ ಬೇರೆ ವಯಸ್ಸಿನ ಬುಡಗಳು ಒಂದೇ ಹೊತ್ತಿಗೆ ತೆನೆ ಬಿಡುತ್ತವೆ ಅಂದರೆ ಅವಕ್ಕೆ ಹೊರಗಿನಿಂದ ಏನೋ ಒಂದೇ ಸೂಚನೆ ಸಿಗುತ್ತಿದೆ ಅಂತ ಅರ್ಥ. ಆ ಸೂಚನೆ ರಾತ್ರಿಯ ಉದ್ದ.

ನೇಪಿಯರ್ ಮೂಲತಃ ಆಫ್ರಿಕಾದ ಹುಲ್ಲು. ಹಗಲು ಕುಗ್ಗಿ ರಾತ್ರಿ ಉದ್ದವಾಗುವ ಹೊತ್ತಿಗೆ ಹೂ ಬಿಡುವ ಜಾತಿ. ಅದರ ಜೊತೆ ಬೆರೆಸಿದ ಸಜ್ಜೆಯದ್ದೂ ಅದೇ ಸ್ವಭಾವ. ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು 1920ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಹುಲ್ಲನ್ನಲ್ಲ, ಹೊಗೆಸೊಪ್ಪು ಮತ್ತು ಸೋಯಾ. ಒಂದು ತಳಿಯ ಹೊಗೆಸೊಪ್ಪು ಬೇಸಿಗೆಯಲ್ಲಿ ಬೆಳೆದದ್ದೇ ಬೆಳೆದದ್ದು, ಹೂವೇ ಇಲ್ಲ. ದಿನಾ ಸಂಜೆ ಬೇಗ ಕತ್ತಲೆಯ ಕೋಣೆಗೆ ಸೇರಿಸಿದಾಗ ಹೂ ಬಂತು.

ಸೋಯಾವನ್ನು ಅವರು ಕೆಲವು ದಿನಗಳ ಅಂತರದಲ್ಲಿ ಬೇರೆ ಬೇರೆಯಾಗಿ ಬಿತ್ತಿ ನೋಡಿದ್ದರು. ಬಿತ್ತಿದ ದಿನ ಬೇರೆಯಾದರೂ ಹೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂತು. ಪೆರ್ಲದವರ ಸಾಲುಗಳಲ್ಲಿ ನಡೆದದ್ದು ಅದೇ.

ಪೆರ್ಲದ ಹಟ್ಟಿ
ಮಾಷ್ಟ್ರೇ, ನಮ್ಮಲ್ಲಿ ಹಗಲು ರಾತ್ರಿ ಯಾವಾಗಲೂ ಸಮ ಅಲ್ವಾ? ಕುಗ್ಗುವುದು ಅಂದರೆ ಎಷ್ಟು?

ನಿವೃತ್ತ ಸೈನ್ಸ್ ಮಾಷ್ಟ್ರು
ಸಮ ಇಲ್ಲ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರದಲ್ಲಿ. ಜೂನ್ ಕೊನೆಗೆ ಹಗಲು 12 ಗಂಟೆ 50 ನಿಮಿಷದಷ್ಟು. ಡಿಸೆಂಬರ್ ಕೊನೆಗೆ 11 ಗಂಟೆ 20 ನಿಮಿಷ ಚಿಲ್ಲರೆ. ಒಟ್ಟು ವ್ಯತ್ಯಾಸ ಒಂದೂವರೆ ಗಂಟೆ. ಸೆಪ್ಟೆಂಬರ್ 23ರಿಂದ ನವೆಂಬರ್ ನಡುವಿನವರೆಗೆ ಕುಗ್ಗುವುದು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ನಮಗೆ ಗೊತ್ತಾಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಉಷ್ಣ ವಲಯದ ಗಿಡಗಳು ಕೆಲವು ನಿಮಿಷಗಳ ವ್ಯತ್ಯಾಸವನ್ನೂ ಹಿಡಿಯುತ್ತವೆ. ಇಲ್ಲಿ ವ್ಯತ್ಯಾಸವೇ ಕಡಿಮೆ, ಸೂಕ್ಷ್ಮ ಇಲ್ಲದಿದ್ದರೆ ಬದುಕು ಹೇಗೆ?

ಕುಂಬಳೆ ಬೀಚ್
ಇದು ಸರಿ ಕಾಣುವುದಿಲ್ಲ. ಸೂರ್ಯ ಅತಿ ತಡವಾಗಿ ಏಳುವುದು ಜನವರಿಯಲ್ಲಿ. ಬೆಳಿಗ್ಗೆ ಬಲೆ ಎಳೆಯಲು ಹೋಗುವವರನ್ನು ಕೇಳಿ. ಹಾಗಾದರೆ ಹುಲ್ಲು ಜನವರಿಯಲ್ಲಿ ತೆನೆ ಬಿಡಬೇಕಿತ್ತು.

ನಿವೃತ್ತ ಸೈನ್ಸ್ ಮಾಷ್ಟ್ರು
ಏಳುವುದು ಜನವರಿಯಲ್ಲಿ ತಡ, ಹೌದು. ಆದರೆ ನವೆಂಬರ್ ನಡುವಿಗೇ ಸೂರ್ಯ ಅತಿ ಬೇಗ ಮುಳುಗಿ ಆಗಿರುತ್ತದೆ. ಎರಡೂ ಸೇರಿಸಿ ಲೆಕ್ಕ ಹಾಕಿದರೆ ಡಿಸೆಂಬರ್ 21-22ರ ಹಗಲೇ ಸಣ್ಣದು. ಹಾಗಂತ ಹುಲ್ಲು ಆ ದಿನಕ್ಕೆ ಕಾಯುವುದಿಲ್ಲ. ರಾತ್ರಿ ಒಂದು ಮಿತಿ ದಾಟಿದರೆ ಸಾಕು. ಎಲೆ ಅದನ್ನು ಗುರುತಿಸಿ ಸುಳಿಗೆ ಸುದ್ದಿ ಕಳಿಸುತ್ತದೆ. ಸುಳಿ ಎಲೆ ಮಾಡುವುದನ್ನು ಬಿಟ್ಟು ತೆನೆ ಮಾಡಲು ಶುರು ಮಾಡುತ್ತದೆ. ಅದು ಹೊರಗೆ ಕಾಣುವುದು ವಾರಗಳು ಕಳೆದ ಮೇಲೆ. ನೀವು ದೀಪಾವಳಿಗೆ ನೋಡುವ ತೆನೆಯ ತೀರ್ಮಾನ ದಸರಾ ಆಸುಪಾಸಿನಲ್ಲೇ ಆಗಿರುತ್ತದೆ.

ನೀರ್ಚಾಲು
ದಸರಾ ದೀಪಾವಳಿ ಲೆಕ್ಕ ಇಡಬೇಡಿ. ಅವು ಚಾಂದ್ರಮಾನದವು, ವರ್ಷ ವರ್ಷ ಹಿಂದೆ ಮುಂದೆ ಹೋಗುತ್ತವೆ. ಹುಲ್ಲು ನೋಡುವುದು ಸೂರ್ಯನನ್ನು. ತುಲಾ ಸಂಕ್ರಮಣದ ಲೆಕ್ಕ ಇಟ್ಟುಕೊಳ್ಳಿ. ಅಕ್ಟೋಬರ್ 17-18, ಕದಲುವುದಿಲ್ಲ.

ಪೆರ್ಲದ ಹಟ್ಟಿ
ಇದು ಒಳ್ಳೆ ಮಾತು. ಬರೆದಿಟ್ಟುಕೊಂಡೆ.

ಜತ್ತದ ಕಬ್ಬು
ಸಾಂಗಲಿ ಜಿಲ್ಲೆಯಿಂದ ನಮಸ್ಕಾರ್ರೀ. ನಮ್ಮಲ್ಲಿ ಇದೇ ತಲೆನೋವು ಕಬ್ಬಿನದ್ದು. ತುರಾ, ಅಂದರೆ ಹೂವಿನ ತೆನೆ, ಬಂತೆಂದರೆ ಆ ಕಬ್ಬಿನ ಬೆಳವಣಿಗೆ ಮುಗೀತು. ತುದಿ ನಿಂತು ಪಕ್ಕದ ಕಣ್ಣು ಒಡೆಯುತ್ತವೆ. ಬಿಟ್ಟರೆ ಒಳಗೆ ಬೆಂಡು, ತೂಕವೂ ಇಲ್ಲ ಸಕ್ಕರೆಯೂ ಇಲ್ಲ. ಕಾರ್ಖಾನೆಯ ಕಟಾವಿನ ಟೋಳಿ ನಮ್ಮ ಪಾಳಿಗೆ ಬರುವಷ್ಟರಲ್ಲಿ ಹೊಲ ಬೆಳ್ಳಗೆ.

ಆದರೆ ಕಬ್ಬಿನಲ್ಲಿ ಒಂದು ವ್ಯತ್ಯಾಸ ನೋಡ್ರಿ. ಜುಲೈ-ಆಗಸ್ಟಿನಲ್ಲಿ ನೆಟ್ಟ ಅಡಸಾಲಿ ಕಬ್ಬಿಗೆ ಮರುವರ್ಷ ತುರಾ ಜೋರು. ತಡವಾಗಿ ನೆಟ್ಟ ಎಳೆ ಕಬ್ಬು ಅದೇ ಹೊಲದ ಪಕ್ಕದಲ್ಲಿದ್ದರೂ ಸುಮ್ಮನಿರುತ್ತದೆ. ಕೆಲವು ಗಣಿಕೆ ಬಲಿಯುವವರೆಗೆ ಅದಕ್ಕೆ ಹಗಲು ರಾತ್ರಿಯ ಸುದ್ದಿ ಮುಟ್ಟುವುದಿಲ್ಲ. ಅಂದರೆ ವಯಸ್ಸಿನ ಲೆಕ್ಕವೂ ಇದೆ. ನಿಮ್ಮ ಆಗಸ್ಟ್, ಸೆಪ್ಟೆಂಬರ್ ಸಾಲು ಎರಡೂ ಆ ಹೊತ್ತಿಗೆ ಸಾಕಷ್ಟು ಬಲಿತಿದ್ದವು, ಅದಕ್ಕೇ ಒಟ್ಟಿಗೆ ಬಂದವು.

ಬದಿಯಡ್ಕ ತೋಟ
ಗೊಬ್ಬರದ ಮಾತು ಎಲ್ಲರೂ ಬಿಟ್ಟುಬಿಟ್ಟಿರಿ.

ಜತ್ತದ ಕಬ್ಬು
ಬಿಟ್ಟಿಲ್ಲ ಅಣ್ಣಾ. ಸಾರಜನಕ ಜಾಸ್ತಿ ಕೊಟ್ಟರೆ ಕಬ್ಬಿಗೆ ತುರಾ ಕಡಿಮೆ ಆಗುವುದು, ತಡ ಆಗುವುದು ಉಂಟು. ನೀರು ಕಟ್ಟಿದರೂ ಕಡಿಮೆ ಆಗುತ್ತದೆ. ಆದರೆ ಅದು ಹೆಚ್ಚುಕಮ್ಮಿಯ ಮಾತು. ಶುರು ಮಾಡಿಸುವುದು ರಾತ್ರಿಯೇ. ನಿಮ್ಮ ಮಾವ ಅರ್ಧ ಗೆದ್ದರು ಅನ್ನಿ.

ಬದಿಯಡ್ಕ ತೋಟ
ಮಾವ ನನ್ನವರಲ್ಲ, ಪೆರ್ಲದವರದ್ದು. ಅರ್ಧ ಗೆದ್ದದ್ದು ನಾನು.

ಟ್ರಾನ್ಸ್‌ಹೈಮ್ ಕನ್ನಡಿಗ
ಮಂಜೇಶ್ವರದವ, ಈಗ ನಾರ್ವೆಯಲ್ಲಿ ಇದ್ದೇನೆ. ಇಲ್ಲಿನ ಕಥೆ ಪೂರಾ ತಿರುವುಮುರುವು. ಇಲ್ಲಿನ ಹುಲ್ಲುಗಳು ಹಗಲು ಉದ್ದವಾದಾಗ ಹೂ ಬಿಡುತ್ತವೆ. ಜೂನಿನಲ್ಲಿ ಕತ್ತಲೆಯೇ ಆಗುವುದಿಲ್ಲ, ಬೇಲಿ ಬದಿಯೆಲ್ಲ ತೆನೆ.

ಆದರೆ ಬರಿ ಉದ್ದ ಹಗಲು ಇಲ್ಲಿ ಸಾಲುವುದಿಲ್ಲ. ರೈ ಹುಲ್ಲು, ಕಾಕ್ಸ್‌ಫೂಟ್, ಫೆಸ್ಕ್ಯೂ ಇಂಥ ಬಹುವಾರ್ಷಿಕ ಹುಲ್ಲುಗಳಿಗೆ ಎರಡು ಹಂತ ಬೇಕು. ಮೊದಲು ಚಳಿಗಾಲ: ಹಲವು ವಾರ 0ರಿಂದ 10 ಡಿಗ್ರಿ ಆಸುಪಾಸಿನ ಚಳಿ, ಅಥವಾ ಸಣ್ಣ ಹಗಲು, ಅಥವಾ ಎರಡೂ. ಅದಾದ ಮೇಲೆ ಉದ್ದ ಹಗಲು. ಮೊದಲನೆಯದು ಆಗದೆ ಎರಡನೆಯದು ಬಂದರೆ ಬರಿ ಎಲೆ. ಮೊದಲನೆಯದು ಆಗಿ ಎರಡನೆಯದು ಬಾರದಿದ್ದರೂ ಅಷ್ಟೇ. ಇಲ್ಲಿನ ಒಲಾ ಹೈಡೆ ಎಂಬ ಸಸ್ಯವಿಜ್ಞಾನಿ ಜೀವಮಾನ ಪೂರ್ತಿ ಇದರ ಮೇಲೆ ಕೆಲಸ ಮಾಡಿದವರು. 1994ರಲ್ಲಿ ಎಲ್ಲವನ್ನೂ ಒಂದೆಡೆ ಸೇರಿಸಿ ಬರೆದರು.

ತಿಮೋತಿ ಹುಲ್ಲು ಮಾತ್ರ ಬೇರೆ. ಅದಕ್ಕೆ ಚಳಿ ಬೇಡ, ಉದ್ದ ಹಗಲು ಸಿಕ್ಕರೆ ಸಾಕು. ಉತ್ತರದ ತುದಿಯ ತಳಿಗಳು ಇನ್ನೂ ಉದ್ದದ ಹಗಲು ಕೇಳುತ್ತವೆ. ದಕ್ಷಿಣದವು ಕಡಿಮೆಗೆ ಒಪ್ಪುತ್ತವೆ.

ಮುಳ್ಳೇರಿಯ ಗೋಬರ್‌ಗ್ಯಾಸ್
ಚಳಿಯಲ್ಲಿ ಹೂ ಬಿಟ್ಟರೆ ಹಿಮಕ್ಕೆ ಸಾಯುತ್ತದೆ, ಅದಕ್ಕೆ ಹೀಗೆ ಎರಡು ಬೀಗ. ಬುದ್ಧಿವಂತ ಹುಲ್ಲು.

ಉಳಿಯತ್ತಡ್ಕ
ಒಂದು ಸಂದೇಹ. ವರ್ಷ ವರ್ಷ ಎಲ್ಲ ಸುಳಿಯೂ ತೆನೆಯಾದರೆ ಬುಡವೇ ಮುಗಿದುಹೋಗುವುದಿಲ್ಲವೇ? ಭತ್ತ ಹಾಗೇ ಮುಗಿಯುತ್ತದಲ್ಲ.

ಟ್ರಾನ್ಸ್‌ಹೈಮ್ ಕನ್ನಡಿಗ
ಒಳ್ಳೆ ಪ್ರಶ್ನೆ. ಎಲ್ಲ ಸುಳಿಯೂ ತೆನೆಯಾಗುವುದಿಲ್ಲ. ಚಳಿ ಉಂಡ ಹಳೆ ಮರಿಗಳು (ಬುಡದಿಂದ ಒಡೆದ ಕವಲುಗಳು) ಮಾತ್ರ ಬೇಸಿಗೆಯಲ್ಲಿ ಹೂ ಬಿಡುತ್ತವೆ. ವಸಂತದಲ್ಲಿ ಹೊಸದಾಗಿ ಒಡೆದ ಮರಿಗಳು ಚಳಿಯನ್ನೇ ನೋಡಿಲ್ಲ. ಅವು ಎಲೆಯಾಗಿಯೇ ಉಳಿದು ಬುಡವನ್ನು ಮುಂದಿನ ವರ್ಷಕ್ಕೆ ದಾಟಿಸುತ್ತವೆ. ಹೂ ಬಿಟ್ಟ ಮರಿ ಸಾಯುತ್ತದೆ, ಬುಡ ಸಾಯುವುದಿಲ್ಲ.

ಊಟಿ ತರಕಾರಿ
ತಾಳವಾಡಿ ಊರು, ಕೆಲಸ ಊಟಿಯಲ್ಲಿ. ಮೇಲಿನದ್ದನ್ನು ಓದಿ ಒಂದು ವಿಷಯ ಹೊಳೆಯಿತು. ಊಟಿಯಲ್ಲಿ ಡಿಸೆಂಬರ್-ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂರುತ್ತದೆ. ಚಳಿಗೆ ಬರ ಇಲ್ಲ. ಆದರೆ ನಾವಿರುವುದು 11.4 ಡಿಗ್ರಿಯಲ್ಲಿ, ಅತಿ ಉದ್ದದ ಹಗಲೂ 13 ಗಂಟೆ ದಾಟುವುದಿಲ್ಲ. ಹಾಗಾದರೆ ಯುರೋಪಿನ ರೈ ಹುಲ್ಲು ಇಲ್ಲಿ ಮೊದಲ ಬೀಗ ತೆಗೆದು ಎರಡನೆಯದರ ಮುಂದೆ ನಿಲ್ಲುತ್ತದೆ ಅಲ್ವಾ?

ಟ್ರಾನ್ಸ್‌ಹೈಮ್ ಕನ್ನಡಿಗ
14-15 ಗಂಟೆ ಹಗಲು ಕೇಳುವ ತಳಿಯಾದರೆ ಹೌದು. ಮೇವಿಗೆ ಲಾಭವೇ, ಎಲೆ ಸಿಗುತ್ತದೆ. ಬೀಜಕ್ಕೆ ಮಾತ್ರ ಕಾಶ್ಮೀರ, ಹಿಮಾಚಲದ ಕಡೆ ನೋಡಬೇಕು. ಮೆಡಿಟರೇನಿಯನ್ ಮೂಲದ ತಳಿಗಳು ಅಷ್ಟು ಹಠ ಮಾಡುವುದಿಲ್ಲ.

ಕುಂಬಳೆ ಬೀಚ್
ಅಂದರೆ ಚಳಿ ಅಂದವರೂ ಸುಳ್ಳಲ್ಲ, ಊರು ಬೇರೆ ಅಷ್ಟೆ 😄

ನಿವೃತ್ತ ಸೈನ್ಸ್ ಮಾಷ್ಟ್ರು
ಹಾಗೆ ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಕಾಸರಗೋಡಿನ ಕರಾವಳಿಯಲ್ಲಿ ಡಿಸೆಂಬರ್ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಅದನ್ನು ಯಾವ ಹುಲ್ಲೂ ಚಳಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉಷ್ಣ ವಲಯದ ಹುಲ್ಲುಗಳಿಗೆ ಚಳಿ ಸಹಾಯ ಮಾಡುವುದಿಲ್ಲ, ಅಡ್ಡಿ ಮಾಡುತ್ತದೆ. ಕಬ್ಬನ್ನೇ ನೋಡಿ. ಹಗಲು ಸುಮಾರು 12 ಗಂಟೆ 30 ನಿಮಿಷಕ್ಕೆ ಇಳಿಯುತ್ತಾ ಬರುವಾಗ ಅದಕ್ಕೆ ಸೂಚನೆ ಸಿಗುತ್ತದೆ. ಆ ದಿನಗಳಲ್ಲಿ ರಾತ್ರಿಯ ತಾಪ 18 ಡಿಗ್ರಿಗಿಂತ ಕೆಳಗೆ ಹೋಗಬಾರದು, ಹಗಲು ವಿಪರೀತ ಬಿಸಿಯೂ ಆಗಬಾರದು. ಉತ್ತರ ಭಾರತದಲ್ಲಿ ಹೂ ಬರುವ ಹೊತ್ತಿಗೆ ರಾತ್ರಿ ತಣ್ಣಗಾಗಿಬಿಡುತ್ತದೆ. ಹೂ ಬಂದರೂ ಪರಾಗ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಉತ್ತರದ ಹೊಲಗಳಿಗೆ ಬೇಕಾದ ತಳಿ ಮಾಡಲು ಕೂಡ 1912ರಲ್ಲಿ ಕಬ್ಬು ತಳಿ ಕೇಂದ್ರವನ್ನು ಕೊಯಮತ್ತೂರಿನಲ್ಲಿ ತೆರೆದರು. ಅಲ್ಲಿ ಕಬ್ಬು ಚೆನ್ನಾಗಿ ಹೂ ಬಿಡುತ್ತದೆ. ಕಾಡು ಕಬ್ಬಿನೊಂದಿಗೆ ಬೆರೆಸಿ ಮಾಡಿದ ಸಿಒ 205 ಅಲ್ಲಿಂದಲೇ 1918ರಲ್ಲಿ ಹೊರಬಂತು. ಹೋಗಿ ಬೆಳೆದದ್ದು ಪಂಜಾಬಿನಲ್ಲಿ.

ನೀರ್ಚಾಲು
ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೆಲಸ ಮಾಡಿದ್ದು ಅಲ್ಲೇ ಅಲ್ವಾ? ನಮ್ಮ ಪಕ್ಕದ ತಲಶ್ಶೇರಿಯವರು.

ನಿವೃತ್ತ ಸೈನ್ಸ್ ಮಾಷ್ಟ್ರು
ಹೌದು, 1930ರ ದಶಕದಲ್ಲಿ. ಕಬ್ಬನ್ನು ಜೋಳದ ಜೊತೆ, ಬಿದಿರಿನ ಜೊತೆಗೂ ಬೆರೆಸಿ ನೋಡಿದವರು. ಆ ಕೇಂದ್ರದ ಕಬ್ಬಿನ ದೊಡ್ಡ ತಳಿ ಸಂಗ್ರಹ ಇರುವುದು ಕಣ್ಣೂರಿನಲ್ಲಿ. ಕಾಸರಗೋಡಿನಿಂದ ರೈಲು ಹತ್ತಿದರೆ ಪಯ್ಯನ್ನೂರು ದಾಟಿ ಮುಂದೆ. ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಹೊಸೂರು ಸೇವಂತಿಗೆ
ಹುಲ್ಲಿನವರ ನಡುವೆ ಹೂವಿನವಳು ಬಂದೆ, ಕ್ಷಮಿಸಿ. ರಾತ್ರಿಯ ಉದ್ದ ಅಂದದ್ದಕ್ಕೆ ಕಣ್ಣಾರೆ ನೋಡುವ ಸಾಕ್ಷಿ ಬೇಕಿದ್ದರೆ ನಮ್ಮ ಕಡೆ ರಾತ್ರಿ ಬನ್ನಿ. ಸೇವಂತಿಗೆ ಹೊಲದಲ್ಲಿ ಸಾಲಾಗಿ ಬಲ್ಬ್ ಉರಿಯುತ್ತವೆ. ಜಾತ್ರೆ ಅಂದುಕೊಳ್ಳಬೇಡಿ. ಸೇವಂತಿಗೆಯೂ ರಾತ್ರಿ ಉದ್ದವಾದರೆ ಹೂ ಬಿಡುವಂಥದ್ದು. ನಡುರಾತ್ರಿ ಬೆಳಕು ಕೊಟ್ಟು ಕತ್ತಲನ್ನು ಎರಡು ತುಂಡು ಮಾಡಿದರೆ ಗಿಡ ಮೊಗ್ಗು ಹಿಡಿಯದೆ ಎತ್ತರ ಬೆಳೆಯುತ್ತದೆ. ಬೇಕಾದಾಗ ಬಲ್ಬ್ ಆರಿಸಿದರೆ ಮೊಗ್ಗು. ಹಬ್ಬಕ್ಕೆ ಸರಿಯಾಗಿ ಹೂ ತರುವುದು ಹೀಗೆ.

ಪೆರ್ಲದ ಹಟ್ಟಿ
ಅಕ್ಕಾ, ಇದು ನೇಪಿಯರಿಗೂ ಆಗುತ್ತದಾ? ನಮ್ಮ ಗೇಟಿನ ಹತ್ತಿರ ಬೀದಿ ದೀಪ ಇದೆ. ಅದರ ಕೆಳಗಿನ ಬುಡಗಳಲ್ಲಿ ತೆನೆ ಕಡಿಮೆ. ಇಷ್ಟು ದಿನ ಅದನ್ನು ಯೋಚಿಸಿಯೇ ಇರಲಿಲ್ಲ.

ಬದಿಯಡ್ಕ ತೋಟ
ಗೇಟಿನ ಹತ್ತಿರ ಹಟ್ಟಿಯ ತೊಳೆದ ನೀರು ಹರಿಯುತ್ತದೋ ಇಲ್ಲವೋ ಅದನ್ನು ಮೊದಲು ಹೇಳಿ.

ಪೆರ್ಲದ ಹಟ್ಟಿ
ಹರಿಯುತ್ತದೆ.

ಬದಿಯಡ್ಕ ತೋಟ
🙏

ನಿವೃತ್ತ ಸೈನ್ಸ್ ಮಾಷ್ಟ್ರು
ಒಂದೇ ಕಡೆ ದೀಪ, ಗೊಬ್ಬರ, ನೀರು ಮೂರೂ ಇದ್ದರೆ ಯಾವುದರಿಂದ ಅಂತ ಹೇಳಲಿಕ್ಕೆ ಬರುವುದಿಲ್ಲ. ದೀಪದ ಕೆಲಸ ಆಗುವ ಸಾಧ್ಯತೆ ಖಂಡಿತ ಉಂಟು. ಹವಾಯಿಯಲ್ಲಿ ಕಬ್ಬಿನ ಹೂ ತಡೆಯಲು ರಾತ್ರಿ ಬೆಳಕು ಕೊಟ್ಟು ನೋಡಿದ್ದಾರೆ, ಫಲ ಸಿಕ್ಕಿದೆ. ಗಿಡದ ಎಲೆಯಲ್ಲಿ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಇದೆ. ಕೆಂಪು ಬೆಳಕಿಗೆ ಅದು ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಧಾನ ಹಿಂದಕ್ಕೆ ಬರುತ್ತದೆ. ನಡುವೆ ಬೆಳಕು ಬಿದ್ದರೆ ಕತ್ತಲಿನ ಲೆಕ್ಕ ಮೊದಲಿನಿಂದ. ಆದರೆ ದನದ ಮೇವಿಗೆ ಬಲ್ಬ್ ಕಟ್ಟಿದರೆ ಕರೆಂಟ್ ಬಿಲ್ಲು ಹಾಲಿನ ದುಡ್ಡನ್ನು ನುಂಗುತ್ತದೆ.

ಉಳಿಯತ್ತಡ್ಕ
ಭತ್ತದಲ್ಲೂ ಇದೇ ಇತ್ತು. ಹಿಂದಿನ ಸುಗ್ಗಿ (ಎರಡನೇ ಬೆಳೆ) ತಳಿಗಳನ್ನು ಏಣೆಲಿಗೆ (ಮಳೆಗಾಲದ ಮೊದಲ ಬೆಳೆಗೆ) ಬಿತ್ತಿದರೆ ತೆನೆಯೇ ಇಲ್ಲದೆ ನಿಂತುಬಿಡುತ್ತಿದ್ದವು ಅಂತ ಅಜ್ಜ ಹೇಳುತ್ತಿದ್ದರು.

ನಿವೃತ್ತ ಸೈನ್ಸ್ ಮಾಷ್ಟ್ರು
ಅಜ್ಜ ಹೇಳಿದ್ದು ಸರಿಯೇ. ಕೇರಳದ ಮುಂಡಗನ್, ಅಂದರೆ ಎರಡನೇ ಬೆಳೆಯ ಹಳೆ ತಳಿಗಳೂ ಹಾಗೇ, ಹಗಲು ಕುಗ್ಗದೆ ತೆನೆ ಇಲ್ಲ. 1966ರ ಐಆರ್8, 1968ರ ಜಯಾ ಬಂದ ಮೇಲೆ ಆ ಕಟ್ಟುಪಾಡು ಹೋಯಿತು. ಅವಕ್ಕೆ ಹಗಲಿನ ಲೆಕ್ಕ ಬೇಡ, ಇಂತಿಷ್ಟು ದಿನಕ್ಕೆ ಕೊಯ್ಲು. ಯಾವ ಬೆಳೆಗೂ ಹಾಕಬಹುದು.

ಮಡಕಶಿರಾ ಕುರಿಮಂದೆ
ನಮ್ಮ ಒಣ ನೆಲದಲ್ಲಿ ಈ ಯಾವ ಲೆಕ್ಕವೂ ಇಲ್ಲ. ಅಂಜನ್ ಹುಲ್ಲು ಹಾಕಿದ್ದೇನೆ. ಮಳೆ ಬಿದ್ದು ಕೆಲವು ವಾರಕ್ಕೆ ತೆನೆ. ಜೂನ್ ಆಗಲಿ ಅಕ್ಟೋಬರ್ ಆಗಲಿ. ಗರಿಕೆಯೂ ಹಾಗೇ. ಮಳೆ ಯಾವಾಗ ಅಂತ ಗೊತ್ತಿಲ್ಲದ ಕಡೆ ಕ್ಯಾಲೆಂಡರ್ ನೋಡುತ್ತಾ ಕೂತರೆ ಬೀಜ ಆಗುವುದು ಯಾವಾಗ?

ಜತ್ತದ ಕಬ್ಬು
ನಮ್ಮ ಜತ್ತವೂ ಬರದ ತಾಲೂಕೇ. ನೀವು ಹೇಳಿದ್ದು ಹೌದು.

ನೀರ್ಚಾಲು
ಲಾವಂಚದ ಬಗ್ಗೆ ಯಾರಾದರೂ ಹೇಳಿ. ನಮ್ಮ ಬಾವಿಕಟ್ಟೆಯ ಲಾವಂಚ ಹೂ ಬಿಟ್ಟದ್ದನ್ನು ನಾನು ನೋಡಿಯೇ ಇಲ್ಲ. ಮಜ್ಜಿಗೆ ಹುಲ್ಲೂ ಅಷ್ಟೇ.

ನಿವೃತ್ತ ಸೈನ್ಸ್ ಮಾಷ್ಟ್ರು
ಲಾವಂಚದಲ್ಲಿ ಎರಡು ಬಗೆ. ಉತ್ತರ ಭಾರತದ ಕಾಡು ಬಗೆ ಧಾರಾಳ ಹೂ ಬಿಟ್ಟು ಬೀಜ ಕಟ್ಟುತ್ತದೆ. ನಾವು ದಕ್ಷಿಣದಲ್ಲಿ ಬೇರಿಗಾಗಿ ನೆಡುವುದು ತಡವಾಗಿ, ಕಡಿಮೆ ಹೂ ಬಿಡುವ ಬಗೆ. ಬೀಜ ಕಟ್ಟುವುದು ಅಪರೂಪ. ತಲೆಮಾರುಗಳಿಂದ ಬುಡ ಸೀಳಿಯೇ ನೆಟ್ಟಿದ್ದೇವೆ. ಮನೆ ಹಿತ್ತಿಲಲ್ಲಿ ಕಷಾಯಕ್ಕೆ ಇಡುವ ಮಜ್ಜಿಗೆ ಹುಲ್ಲೂ ಹೂ ಬಿಡುವುದು ಅಪರೂಪ. ಎಣ್ಣೆ ತೆಗೆಯುವ ಇನ್ನೊಂದು ಜಾತಿ ಹೂ ಬಿಡುತ್ತದೆ.

ಕುಂಬಳೆ ಬೀಚ್
ಬಿದಿರು ಕೂಡ ಹುಲ್ಲೇ ತಾನೆ? ಅದಕ್ಕೆ ಯಾವ ಹಗಲು, ಯಾವ ಚಳಿ? 40-50 ವರ್ಷಕ್ಕೊಮ್ಮೆ ಹೂ ಬಿಟ್ಟು ಹಿಂಡಲು ಹಿಂಡಲೇ ಸಾಯುತ್ತದೆ.

ಮುಳ್ಳೇರಿಯ ಗೋಬರ್‌ಗ್ಯಾಸ್
ಮುನ್ನಾರಿನ ನೀಲಕುರಿಂಜಿ ಹಾಗೆ. 2006, 2018, ಇನ್ನು 2030.

ನಿವೃತ್ತ ಸೈನ್ಸ್ ಮಾಷ್ಟ್ರು
ಕುರಿಂಜಿ ಹುಲ್ಲಲ್ಲ, ಅದನ್ನು ಇಲ್ಲಿ ತರಬೇಡಿ. ಬಿದಿರು ಹುಲ್ಲು, ಸರಿ. ಆದರೆ ಅದರ ಗಡಿಯಾರ ಒಳಗೇ ಇರುವಂಥದ್ದು. ಮಿಜೋರಾಂನ ಬಿದಿರು 48 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. 1959ರ ಸುಮಾರಿಗೆ ಬಿಟ್ಟದ್ದು ಮತ್ತೆ 2006-08ರಲ್ಲಿ. ಇಲಿ ಹೆಚ್ಚಿ ಬರ ಬಂದ ಕಥೆ ನಿಮಗೆ ಗೊತ್ತೇ ಇದೆ. ಒಂದೇ ಬೀಜದ ಪೀಳಿಗೆಯನ್ನು ಬೇರೆ ದೇಶಕ್ಕೆ ಒಯ್ದು ನೆಟ್ಟರೂ ಹೆಚ್ಚುಕಡಿಮೆ ಆ ಹೊತ್ತಿಗೇ ಹೂ ಬಿಟ್ಟದ್ದನ್ನು ಕಂಡವರಿದ್ದಾರೆ. ವರ್ಷಗಳನ್ನು ಅದು ಹೇಗೆ ಎಣಿಸುತ್ತದೆ ಎಂಬುದನ್ನು ಇನ್ನೂ ಯಾರೂ ಪೂರ್ತಿ ಬಿಡಿಸಿಲ್ಲ.

ಹೊಸೂರು ಸೇವಂತಿಗೆ
ಪಾಪ, ಪೆರ್ಲದವರು ದನಕ್ಕೆ ಏನು ಹಾಕಬೇಕು ಅಂತ ಕೇಳಿದರೆ ಎಲ್ಲರೂ ಮಿಜೋರಾಂ ಮುಟ್ಟಿದಿರಿ.

ಅಡೂರು ಹೈನು
ನಾನು ಕೆಲಸದ ಮಾತು ಹೇಳುತ್ತೇನೆ. ಕಾರಣ ರಾತ್ರಿ ಅಂತ ಗೊತ್ತಾದ ಮೇಲೆ ತೆನೆಯನ್ನು ತಡೆಯಲು ಹೋಗಬೇಡಿ, ಅದಕ್ಕಿಂತ ಮೊದಲು ಕತ್ತಿ ಹಾಕಿ. 45 ದಿನಕ್ಕೊಮ್ಮೆ ಕೊಯ್ಲು ಅಂತ ಹೇಳುವುದು ಸುಮ್ನೆ ಅಲ್ಲ. ತೆನೆ ಬಂದ ಮೇಲೆ ಪ್ರೋಟೀನ್ ಇಳಿಯುತ್ತದೆ, ನಾರು ಏರುತ್ತದೆ, ಹಾಲು ಕಡಿಮೆ ಆಗುತ್ತದೆ. ಮಳೆಗಾಲದ ಕೊನೆಗೆ ಹುಲ್ಲು ಜಾಸ್ತಿ ಇರುತ್ತದೆ, ದನ ತಿಂದು ಮುಗಿಸುವುದಿಲ್ಲ, ಹಾಗೆ ಬಿಟ್ಟ ಸಾಲೇ ಬಲಿತು ತೆನೆಯಾಗುವುದು. ಸೆಪ್ಟೆಂಬರ್ ಕೊನೆಯಿಂದ ತುಲಾ ಸಂಕ್ರಮಣದೊಳಗೆ ಎಲ್ಲ ಸಾಲನ್ನೂ ಸರದಿಯಲ್ಲಿ ಒಮ್ಮೆ ಬುಡದಿಂದ ಕೊಯ್ದುಬಿಡಿ. ಉಳಿದದ್ದನ್ನು ತುಂಡು ಮಾಡಿ ಗಾಳಿಯಾಡದ ಹಾಗೆ ಡ್ರಮ್ಮಿನಲ್ಲಿ ಒತ್ತಿ ರಸಮೇವು ಮಾಡಿ. ಹೊಸ ಚಿಗುರು ಎಳೆಯದಾಗಿರುವುದರಿಂದ ತೆನೆ ಪೂರ್ತಿ ತಪ್ಪದಿದ್ದರೂ ತಡವಾಗುತ್ತದೆ.

ಗೊಬ್ಬರ, ನೀರು ಬಿಡಬೇಡಿ. ನವೆಂಬರ್ ನಂತರ ನಮ್ಮ ಕಡೆ ಮಳೆ ನಿಲ್ಲುತ್ತದೆ, ಒಣಗಿದ ಬುಡ ಎಲೆ ಕೊಡುವುದಿಲ್ಲ. ಒಂದೆರಡು ಸಾಲು ಗಿನಿ ಹುಲ್ಲೂ ಇರಲಿ. ತೆಂಗಿನ ನೆರಳು ತಡೆಯುತ್ತದೆ, ದಂಟು ತೆಳು.

ಬದಿಯಡ್ಕ ತೋಟ
ಗೊಬ್ಬರ ಬಿಡಬೇಡಿ ಅಂದರಲ್ಲ, ಸಾಕು.

ಪೆರ್ಲದ ಹಟ್ಟಿ
ಅಡೂರಿನವರೇ ಉಪಕಾರ. ಒಂದು ಹೆದರಿಕೆ ಇದೆ. ಈಗ ಬಂದ ತೆನೆಯ ಬೀಜ ಬಿದ್ದು ಅಡಿಕೆ ತೋಟಕ್ಕೆಲ್ಲ ಹರಡಿದರೆ?

ಅಡೂರು ಹೈನು
ಹರಡುವುದಿಲ್ಲ. ಸಜ್ಜೆಯ 14, ನೇಪಿಯರಿನ 28 ವರ್ಣತಂತು, ಬೆರಕೆಗೆ 21. ಜೋಡಿ ಕೂಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಅದಕ್ಕೇ ನಾವು ದಂಟಿನ ತುಂಡು ನೆಡುವುದು. ಬೆರಕೆಯಲ್ಲದ ಹಳೆ ನೇಪಿಯರ್ ಆದರೆ ಸ್ವಲ್ಪ ನೋಡಿಕೊಳ್ಳಿ.

ಉಳಿಯತ್ತಡ್ಕ
ಕೃಷಿ ವಿಶ್ವವಿದ್ಯಾಲಯದ ಸುಗುಣ ತಳಿಯ ತುಂಡು ಯಾರ ಹತ್ತಿರವಾದರೂ ಉಂಟಾ? ನಾನು ಸಿಒ-3 ಕೊಡುತ್ತೇನೆ, ಬದಲಿಗೆ. ಚೆರ್ಕಳದವರೆಗೆ ಬೈಕಿನಲ್ಲಿ ಬರಬಲ್ಲೆ.

ಮುಳ್ಳೇರಿಯ ಗೋಬರ್‌ಗ್ಯಾಸ್
ನನ್ನಲ್ಲಿ ಇದೆ. ಮೊದಲ ಮಳೆ ಬೀಳಲಿ, ಈಗ ತೆಗೆದರೆ ನಿಮ್ಮಲ್ಲೂ ಒಣಗುತ್ತದೆ, ನನ್ನಲ್ಲೂ.